ಶುಗರ್ ನಾರ್ಮಲ್ ಆದರೂ ಅಪ್ಪನ ಮರೆವು ಯಾಕೆ ಹೋಗುತ್ತಿಲ್ಲ?

ನಿಮ್ಮ ಅಪ್ಪ ಏಕಾದಶಿ ಉಪವಾಸ ಮಾಡಿದರು, ಶುಗರ್ ಮಾತ್ರೆ ಮಾತ್ರ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ, ಶುಗರ್ 22. ಗ್ಲೂಕೋಸ್ ಹಾಕಿ 140ಕ್ಕೆ ಬಂದು ಹತ್ತು ದಿನವಾದರೂ ಈಗ ಹೇಳಿದ್ದು ಈಗಲೇ ಮರೆಯುತ್ತಾರೆ, ಸರಿಯಾಗುತ್ತಾರಾ ಅಂತ ಕೇಳಿದ್ದೀರಿ. ನೀವು ಬದಿಯಡ್ಕ, ನಾನು ಕುಂಬಳೆಯವಳು, ಇಬ್ಬರೂ ಕೇರಳದ ಕಾಸರಗೋಡು ಜಿಲ್ಲೆಯವರೇ. ಮೆಡಿಸಿನ್ ವಾರ್ಡಿನಲ್ಲಿ ನರ್ಸ್. ಇಂಥ ರೋಗಿಗಳನ್ನೂ ಅವರ ಮನೆಯವರನ್ನೂ ಹತ್ತಿರದಿಂದ ನೋಡಿದ್ದೇನೆ.

ಮೆದುಳಿನ ತೂಕ ದೇಹದ ಶೇಕಡಾ 2 ಅಷ್ಟೇ. ಆದರೆ ಶಕ್ತಿಯಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಅದು ನಡೆಯುವುದು ಹೆಚ್ಚಾಗಿ ಗ್ಲೂಕೋಸಿನ ಮೇಲೆ, ಕೂಡಿಟ್ಟದ್ದು ಏನೂ ಇಲ್ಲ ಅನ್ನುವಷ್ಟು ಕಡಿಮೆ. ಸ್ವಲ್ಪ ಹೊತ್ತು ಶುಗರ್ ಇಳಿದರೆ ಬೆವರು, ನಡುಕ, ತಲೆ ಮಂಕಾಗುವುದು. ಸಕ್ಕರೆ ನೀರು ಕುಡಿದರೆ ಸರಿಹೋಗುತ್ತದೆ. ತುಂಬಾ ಕೆಳಗಿಳಿದು ಗಂಟೆಗಟ್ಟಲೆ ಹಾಗೇ ಇದ್ದರೆ ಕೆಲವು ಜೀವಕೋಶಗಳು ಸತ್ತೇ ಹೋಗುತ್ತವೆ. ಆಮೇಲೆ ಎಷ್ಟು ಗ್ಲೂಕೋಸ್ ಕೊಟ್ಟರೂ ಅವು ಮತ್ತೆ ಬರುವುದಿಲ್ಲ. ಹೊಸ ನೆನಪು ಹಿಡಿದಿಡುವ ಹಿಪ್ಪೊಕ್ಯಾಂಪಸ್ ಎಂಬ ಜಾಗಕ್ಕೆ ಈ ಪೆಟ್ಟು ಬೇಗ ತಾಗುತ್ತದೆ. ಹಳೆಯ ಸಂಗತಿ ಹೇಳುವ ಅಪ್ಪ ಬೆಳಗಿನ ತಿಂಡಿ ಮರೆಯುವುದು ಅದಕ್ಕೇ ಇರಬಹುದು.

ಹಾಗಂತ ಹತ್ತೇ ದಿನಕ್ಕೆ ಕೈಬಿಡಬೇಡಿ. ಪೆಟ್ಟು ತಿಂದರೂ ಸಾಯದೆ ಉಳಿದ ಕೋಶಗಳು ನಿಧಾನ ಚೇತರಿಸುತ್ತವೆ. ವಾರಗಳು, ತಿಂಗಳುಗಳೇ ಬೇಕು. ಕೆಲವರು ಪೂರ್ತಿ ಮೊದಲಿನಂತೆ ಆಗುವುದಿಲ್ಲ, ಅದೂ ನಿಜ. ಆದರೆ ನಿಮ್ಮ ಅಪ್ಪ ಮುಖ ಗುರುತು ಹಿಡಿಯುತ್ತಾರೆ, ಕೈಯಾರೆ ಊಟ ಮಾಡುತ್ತಾರೆ ಅಂದಿರಿ. ನನಗೆ ಅದು ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ.

ನನಗೆ ಜಾಸ್ತಿ ಚಿಂತೆ ಇನ್ನೊಂದು ವಿಷಯದ್ದು. ಚೀಟಿಯಲ್ಲಿ ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಇದೆಯಾ ನೋಡಿ. ಇವು ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಹೊರಡಿಸುತ್ತವೆ. ಕಿಡ್ನಿ ಸೋತಿದ್ದರೆ ಅದರ ಪರಿಣಾಮ ಇನ್ನೂ ಎಳೆಯುತ್ತದೆ, ಗ್ಲೂಕೋಸ್ ಕೊಟ್ಟ ಮೇಲೂ ಶುಗರ್ ಮತ್ತೆ ಬೀಳಬಹುದು. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಎಷ್ಟಿದೆ, ಅದೇ ಮಾತ್ರೆ ಅದೇ ಡೋಸಿನಲ್ಲಿ ಬೇಕಾ ಅಂತ ಡಾಕ್ಟರ ಹತ್ತಿರ ಸ್ಪಷ್ಟವಾಗಿ ಕೇಳಿ. "ಶುಗರ್ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು" ಅನ್ನುವ ನೆಂಟರ ಮಾತು ಕೇಳಲೇಬೇಡಿ. ವಯಸ್ಸಾಗಿ ಬೇರೆ ಕಾಯಿಲೆಯೂ ಇರುವವರಿಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಶೇಕಡಾ 8ರ ಒಳಗಿದ್ದರೆ ಸಾಕು ಅನ್ನುವ ಡಾಕ್ಟರುಗಳೇ ಜಾಸ್ತಿ. ಉಪವಾಸವಂತೂ ಡಾಕ್ಟರನ್ನು ಕೇಳದೆ ಬೇಡ.

ಮನೆಯಲ್ಲಿ ಗ್ಲುಕೋಮೀಟರ್ ಇಡಿ. ಶುಗರ್ 70ಕ್ಕಿಂತ ಕೆಳಗೆ ಬಂದು, ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ, ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ವೋಗ್ಲಿಬೋಸ್ ಎಂಬ ಶುಗರ್ ಔಷಧಿ ಸೇರಿದ ಮಾತ್ರೆಯಾದರೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಕೂಡಲೇ 108ಕ್ಕೆ ಫೋನ್ ಮಾಡಿ.

ಇನ್ನೊಂದು, ನಮ್ಮ ಕಡೆ ಪಂಚಾಯತಿನ ಪಾಲಿಯೇಟಿವ್ ನರ್ಸ್ (ದೀರ್ಘ ಕಾಯಿಲೆಯವರ ಆರೈಕೆ ಮಾಡುವವರು) ಮನೆಗೇ ಬರುತ್ತಾರೆ. ಕ್ಯಾನ್ಸರ್‌ನವರಿಗೆ ಮಾತ್ರ ಅಂತ ಸುಮಾರು ಜನ ಸುಮ್ನೆ ಕೂರುತ್ತಾರೆ. ಹಾಗೇನಿಲ್ಲ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಇವತ್ತೇ ಹೇಳಿ, ಅಮ್ಮನಿಗೂ ಒಂದು ಆಸರೆಯಾಗುತ್ತದೆ.