ಬಿಲ್ ಆಗಿದೆ, ದುಡ್ಡು ಬಂದಿಲ್ಲ

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಸಿಎನ್‌ಸಿ ಶಾಪ್ (ಕಂಪ್ಯೂಟರ್ ನಿಯಂತ್ರಿತ ಮೆಷಿನ್‌ನಲ್ಲಿ ಲೋಹದ ಕೆಲಸ) ಇದೆ. ನಾಲ್ಕು ಜನ ಕೆಲಸಕ್ಕಿದ್ದಾರೆ. ತಿಂಗಳಿಗೆ ಸುಮಾರು 6 ಲಕ್ಷ ಬಿಲ್ ಆಗುತ್ತದೆ. ಲಾಭ ಇದೆ ಅಂತ ಆಡಿಟರ್ ಹೇಳುತ್ತಾರೆ, ಆದರೆ ಸಂಬಳದ ದಿನ ಕೈ ಖಾಲಿ. ಮಾಲು ತಗೊಳ್ಳುವ ಪಾರ್ಟಿಗಳು ದುಡ್ಡು ಕೊಡುವುದು 90 ದಿನಕ್ಕೆ. ಹೋದ ತಿಂಗಳು ನೂರಕ್ಕೆ ಐದು ರೂಪಾಯಿ ಬಡ್ಡಿಗೆ 2 ಲಕ್ಷ ಕೈಸಾಲ ತಂದೆ. ಇನ್ನೊಂದು ಮೆಷಿನ್ ಹಾಕಿ ಕೆಲಸ ಜಾಸ್ತಿ ಮಾಡಿದರೆ ಸರಿಹೋಗುತ್ತದಾ?
– ಒಬ್ಬ ಓದುಗ, ಪೀಣ್ಯ

ಉತ್ತರ: ದಯವಿಟ್ಟು ಈಗ ಮೆಷಿನ್ ತರಬೇಡಿ. ತಿಂಗಳಿಗೆ 6 ಲಕ್ಷ, ಮೂರು ತಿಂಗಳು ಬಾಕಿ ಅಂದರೆ ನಿಮ್ಮ 18 ಲಕ್ಷ ಸದಾ ಪಾರ್ಟಿಗಳ ಹತ್ತಿರವೇ ಇರುತ್ತದೆ. ಬಿಲ್ ಇನ್ನೊಂದು ಲಕ್ಷ ಏರಿದರೆ ಇನ್ನೂ 3 ಲಕ್ಷ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸ್ಟೀಲ್‌ಗೆ, ಕರೆಂಟ್‌ಗೆ, ಸಂಬಳಕ್ಕೆ ಮಾತ್ರ ನೀವು ಮೊದಲೇ ಕೊಡಬೇಕು, ಅಲ್ವಾ?

ಮೊದಲು ಆ ಕೈಸಾಲ ತೀರಿಸಿ. ತಿಂಗಳಿಗೆ 10,000, ವರ್ಷಕ್ಕೆ ನೂರಕ್ಕೆ 60 ಬಡ್ಡಿ, ನಿಮ್ಮ ಲಾಭವೆಲ್ಲ ಅಲ್ಲಿಗೇ ಹೋಗುತ್ತದೆ. ಅದಕ್ಕೆ ಬ್ಯಾಂಕಿನಲ್ಲಿ ಸಿಸಿ ಲಿಮಿಟ್ ಕೇಳಿ, ಅಂದರೆ ಬೇಕಾದಾಗ ತೆಗೆದು, ದುಡ್ಡು ಬಂದಾಗ ಕಟ್ಟುವ ಸಾಲ. ಸಣ್ಣ ಉದ್ಯಮಗಳ ಸಾಲಕ್ಕೆ ಖಾತರಿ ನಿಲ್ಲುವ ಟ್ರಸ್ಟ್ ಸಿಜಿಟಿಎಂಎಸ್‌ಇಯ ಗ್ಯಾರಂಟಿ ಮೇಲೆ ಕೊಟ್ಟರೆ ಮನೆ ಪತ್ರ ಅಡ ಇಡಬೇಕಾಗಿಲ್ಲ.

ಇನ್ನು ವಸೂಲಿ. ಎಷ್ಟೋ ಸಲ ಪಾರ್ಟಿ ತಡ ಮಾಡುವುದಕ್ಕಿಂತ ಮುಂಚೆ ನಾವೇ ತಡ ಮಾಡಿರುತ್ತೇವೆ. ಮಾಲು ಇವತ್ತು ಹೋಗಿರುತ್ತದೆ, ಬಿಲ್ ಹೋಗುವುದು ಮುಂದಿನ ವಾರ, ಅವರ ಸ್ಟೋರ್ಸ್‌ನಲ್ಲಿ ಜಿಆರ್‌ಎನ್ (ಮಾಲು ಬಂತು ಅನ್ನುವ ಚೀಟಿ) ಆಗಿದೆಯಾ ಅಂತ ಯಾರೂ ಕೇಳುವುದಿಲ್ಲ, ಆ ನಂಬರ್ ಇಲ್ಲದೆ ಅಕೌಂಟ್ಸ್‌ನವರು ಬಿಲ್ ಮುಟ್ಟುವುದೂ ಇಲ್ಲ. ಮಾಲಿನ ಜೊತೆಗೇ ಬಿಲ್ ಕಳಿಸಿ. ಮೂರನೇ ದಿನ ಫೋನ್ ಮಾಡಿ ಜಿಆರ್‌ಎನ್ ನಂಬರ್ ಬರೆದುಕೊಳ್ಳಿ. ಪರ್ಚೇಸ್‌ನವರನ್ನು ಕೇಳುತ್ತಾ ಕೂರಬೇಡಿ, ದುಡ್ಡು ಬಿಡುವುದು ಅಕೌಂಟ್ಸ್. ತಿಂಗಳಲ್ಲಿ ಯಾವ ದಿನ ಪೇಮೆಂಟ್ ಹಾಕುತ್ತಾರೆ ಅಂತ ಅವರನ್ನೇ ಕೇಳಿ.

ಉದ್ಯಮ್ ರಿಜಿಸ್ಟ್ರೇಶನ್, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಆಗಿದೆಯಾ? ಇಲ್ಲದಿದ್ದರೆ ಇವತ್ತೇ ಮಾಡಿಸಿ, ಶುಲ್ಕ ಇಲ್ಲ, ಏಜೆಂಟ್ ಬೇಡ. ನಂಬರನ್ನು ಪ್ರತಿ ಬಿಲ್ ಮೇಲೂ ಹಾಕಿ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೂ ಪಾರ್ಟಿ ದುಡ್ಡು ಕೊಡಲು 45 ದಿನ ಮೀರುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಟ್ಟರೆ ಪಾರ್ಟಿ ಕೈತಪ್ಪುತ್ತದೆ ಅನ್ನುವ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ದೂರು ಬೇಡ, ಫೆಬ್ರವರಿಯಲ್ಲೇ ಬಾಕಿ ಪಟ್ಟಿ ಕಳಿಸಿ. ಗಡುವು ಮೀರಿದ ನಿಮ್ಮ ಬಿಲ್ ಮಾರ್ಚ್ 31ಕ್ಕೂ ಬಾಕಿ ಉಳಿದರೆ ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಅದನ್ನು ಖರ್ಚು ಅಂತ ತೋರಿಸಲು ಅವರಿಗೆ ಆಗುವುದಿಲ್ಲ. ಅವರ ಆಡಿಟರ್‌ಗೆ ಇದು ಚೆನ್ನಾಗಿ ಗೊತ್ತು.

ಜಿಎಸ್‌ಟಿ ದುಡ್ಡಿಗೆ ಬೇರೆ ಖಾತೆ ತೆರೆಯಿರಿ. ಪಾರ್ಟಿ ಕೊಡಲಿ ಬಿಡಲಿ, ಅದನ್ನು ನೀವು ಮುಂದಿನ ತಿಂಗಳೇ ಕಟ್ಟಬೇಕು. ಸಂಬಳ ಕೊಡಲು ಅದಕ್ಕೆ ಕೈ ಹಾಕಬೇಡಿ.

ಬಾಕಿ 18 ಲಕ್ಷದಿಂದ 9 ಲಕ್ಷಕ್ಕೆ ಇಳಿದ ಮೇಲೆ ಬರೆಯಿರಿ, ಮೆಷಿನ್ ವಿಷಯ ಆಗ ಮಾತಾಡೋಣ.