ನದಾಫ್: ಹತ್ತಿ ಹಿಂಜುವವರ ಹೆಸರು

ಪ್ರಶ್ನೆ: ನಮ್ಮ ಅಡ್ಡಹೆಸರು ನದಾಫ್. ಅಜ್ಜನ ಕಾಲದ ಕಾಗದಪತ್ರಗಳಲ್ಲಿ ಪಿಂಜಾರ ಎಂದಿದೆ. ಮನೆಯಲ್ಲಿ ಆಡುವುದು ಕನ್ನಡವನ್ನೇ. ಈ ಎರಡು ಹೆಸರುಗಳ ಅರ್ಥವೇನು? ನದಾಫ್ ಅರಬ್ಬಿ ಪದವಾದ್ದರಿಂದ ನಮ್ಮ ಹಿರಿಯರು ಅರಬಸ್ತಾನದಿಂದ ಬಂದವರೆಂದು ತಿಳಿಯಬಹುದೇ?
– ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ಎರಡು ಹೆಸರುಗಳಿಗೂ ಅರ್ಥ ಒಂದೇ, ಹತ್ತಿ ಹಿಂಜುವವನು ಎಂದು. ಅರಬ್ಬಿಯಲ್ಲಿ 'ನದಫ' ಎಂಬ ಧಾತುವಿಗೆ ಹತ್ತಿಯನ್ನು ಬಿಡಿಸಿ ಹಗುರಗೊಳಿಸು ಎಂಬ ಅರ್ಥವಿದೆ. ಆ ಕೆಲಸದ ಬಿಲ್ಲಿಗೆ 'ಮಿಂದಫ್' ಎನ್ನುತ್ತಾರೆ. ಧಾತುವಿನ ಮೂರು ವ್ಯಂಜನಗಳಲ್ಲಿ ನಡುವಿನದನ್ನು ಇಮ್ಮಡಿಸಿ, ಅದಕ್ಕೆ ದೀರ್ಘ ಆಕಾರವನ್ನು ಕೂಡಿಸಿದರೆ ಆ ಕಸುಬನ್ನೇ ಬಾಳುವೆ ಮಾಡಿಕೊಂಡವನ ಹೆಸರು ಸಿದ್ಧವಾಗುತ್ತದೆ. ಹಾಗಾಗಿ ಮೂಲರೂಪ 'ನದ್ದಾಫ್'. ಇದೇ ಅಚ್ಚಿನ ಪದಗಳನ್ನು ನಾವು ಅರಬ್ಬಿಯೆಂದು ಅರಿಯದೆಯೇ ಬಳಸುತ್ತೇವೆ. ಹೊರೆ ಹೊರುವ ಹಮಾಲ, ಹಣ ವಿನಿಮಯ ಮಾಡುವ ಸರಾಫ, ಸುಗಂಧದ್ರವ್ಯ ಮಾರುವ ಅತ್ತಾರ, ವ್ಯಾಪಾರ ಕುದುರಿಸುವ ದಲ್ಲಾಳಿ, ಎಲ್ಲವೂ ಹೀಗೆ ಹುಟ್ಟಿದವು. ಅತ್ತಾರ, ದಲ್ಲಾಳಿಗಳಲ್ಲಿ ಆ ಇಮ್ಮಡಿ ಅಕ್ಷರ ಇಂದಿಗೂ ಉಳಿದಿದೆ. ಹಮಾಲ, ಸರಾಫಗಳಲ್ಲಿಯೂ ನಿಮ್ಮ ಹೆಸರಿನಲ್ಲಿಯೂ ಸವೆದುಹೋಗಿದೆ.

ಅರಬ್ಬಿಯಲ್ಲಿ ಹತ್ತಿಯ ಬೀಜ ಬಿಡಿಸುವವನಿಗೆ ಬೇರೆಯೇ ಹೆಸರು, 'ಹಲ್ಲಾಜ್'. ಕ್ರಿ.ಶ. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಸಂತ ಹಲ್ಲಾಜರ ಹೆಸರು ಇದೇ. ಜನ ಅವರನ್ನು ಮನ್ಸೂರ್ ಎನ್ನುವುದುಂಟು. ವಾಸ್ತವವಾಗಿ ಅದು ಅವರ ತಂದೆಯ ಹೆಸರು. ಉತ್ತರ ಭಾರತದಲ್ಲಿ ಹತ್ತಿ ಹಿಂಜುವ ಸಮುದಾಯದ ಅನೇಕರು ಈ ಸಂತರನ್ನು ನೆನೆದೇ ತಮ್ಮನ್ನು ಮನ್ಸೂರಿ ಎಂದು ಕರೆದುಕೊಳ್ಳುತ್ತಾರೆ.

ಪಿಂಜಾರ ಎಂಬುದು ಈ ನೆಲದ ಮಾತು. ಸಂಸ್ಕೃತದಲ್ಲಿ ಹತ್ತಿ ಹಿಂಜುವ ಬಿಲ್ಲಿಗೆ 'ಪಿಂಜನ' ಎಂಬ ಪದವಿದೆ. ನಮ್ಮ 'ಹಿಂಜು' ಹಿಂದೆ 'ಪಿಂಜು' ಆಗಿತ್ತು; ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಅದೂ ಬದಲಾಯಿತು, ಆದರೆ ಕಸುಬಿನವರ ಹೆಸರಿನಲ್ಲಿ ಹಳೆಯ ಪಕಾರ ಹಾಗೆಯೇ ನಿಂತಿದೆ. ಇದೇ ಕಸುಬಿನವರನ್ನು ತೆಲುಗು ನಾಡಿನಲ್ಲಿ ದೂದೇಕುಲದವರು ಎನ್ನುತ್ತಾರೆ. ಅಲ್ಲಿ 'ದೂದಿ' ಎಂದರೆ ಹತ್ತಿ.

ಇನ್ನು ವಂಶದ ವಿಚಾರ. ಬಹಮನಿ ಮತ್ತು ಆದಿಲಶಾಹಿ ಆಳ್ವಿಕೆಗಳಲ್ಲಿ ಪಾರಸಿಯು ದರಬಾರಿನ ಭಾಷೆಯಾಗಿದ್ದು, ಅರಬ್ಬಿಯ ಅಸಂಖ್ಯ ಪದಗಳು ಅದರ ಮೂಲಕವೇ ದಖ್ಖನಿನ ಊರುಕೇರಿಗಳಿಗೆ ಇಳಿದುಬಂದವು. ಆದ್ದರಿಂದ ಹೆಸರು ಅರಬ್ಬಿಯಾದ ಮಾತ್ರಕ್ಕೆ ಮನೆತನವೂ ಅರಬಸ್ತಾನದ್ದು ಎನ್ನಲಾಗದು. ಖುರೇಷಿ ಎಂಬ ಹೆಸರು ಮೆಕ್ಕಾದ ಒಂದು ಕುಲವನ್ನು ಸೂಚಿಸುತ್ತದೆ; ನದಾಫ್ ಸೂಚಿಸುವುದು ಕೈಕಸುಬನ್ನು ಮಾತ್ರ. ನೀವು ಮನೆಯಲ್ಲಿ ಕನ್ನಡವನ್ನೇ ಆಡುವುದರಲ್ಲಿಯೂ ಅಚ್ಚರಿಯಿಲ್ಲ, ಕರ್ನಾಟಕದ ಬಹಳಷ್ಟು ಪಿಂಜಾರ ಕುಟುಂಬಗಳ ಮನೆಮಾತು ಕನ್ನಡವೇ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನದಾಫ್, ಪಿಂಜಾರ ಎರಡೂ ಪ್ರವರ್ಗ 1ರಲ್ಲಿಯೇ ಇವೆ. ಅಜ್ಜನವರು ಬರೆಸಿದ ಹೆಸರು ನಿಮ್ಮ ಹೆಸರಿಗಿಂತ ಯಾವ ರೀತಿಯಲ್ಲಿಯೂ ಕಿರಿದಲ್ಲ. ಆ ಕಾಗದಗಳನ್ನು ದಯವಿಟ್ಟು ಜೋಪಾನವಾಗಿ ಇಟ್ಟುಕೊಳ್ಳಿ.