ಪೊರೆ ಬಂದ ಮರಿಯನ್ನು ಉಜ್ಜಬೇಡಿ

ಎರಡು ತಿಂಗಳ ಸ್ನೋ ಕಾರ್ನ್ ಮರಿ (ಸಾಕುವ ಕಾರ್ನ್ ಹಾವಿನ ಬಿಳಿ ಬಗೆ) ನಾಲ್ಕು ದಿನಗಳಿಂದ ಸುಣ್ಣ ಬಳಿದಂತೆ ಬಿಳುಚಿಕೊಂಡಿದೆ, ಕೆಂಪು ಕಣ್ಣಿಗೆ ಹಾಲು ಕವಿದಂತಾಗಿದೆ, ಪಿಂಕಿಯನ್ನು, ಅಂದರೆ ಊಟಕ್ಕೆ ಕೊಡುವ ಎಳೆ ಇಲಿಮರಿಯನ್ನು, ಮುಟ್ಟುತ್ತಿಲ್ಲ, ಆದ್ದರಿಂದ ದಿನವೂ ಬೆಚ್ಚನೆಯ ನೀರಿನಲ್ಲಿ ನೆನೆಸಿ ಬಟ್ಟೆಯಿಂದ ಉಜ್ಜುತ್ತಿದ್ದೇನೆ ಎಂದು ಬರೆದಿದ್ದೀರಿ. ಆ ಬಟ್ಟೆಯನ್ನು ಇಂದೇ ಕೆಳಗಿಡಿ. ನೀವು ಹಾಕಿದ ಚಿತ್ರದಲ್ಲಿ ಕಾಣುವಷ್ಟರಿಂದ ಹೇಳುವುದಾದರೆ ಮರಿಗೆ ಪೊರೆ ಬಂದಿದೆ, ಹಳೆಯ ಚರ್ಮ ಕಳಚಲು ಅಣಿಯಾಗುತ್ತಿದೆ, ಅಷ್ಟೇ.

ಇಷ್ಟು ಖಾರವಾಗಿ ಹೇಳಲು ಕಾರಣವಿದೆ. ಟೆಕ್ಸಸ್‌ಗೆ ಬಂದ ಹೊಸದರಲ್ಲಿ ನಾನೂ ಇದನ್ನೇ ಮಾಡಿದ್ದೆ. ಪೊರೆ ಬಂದ ಹಾವಿಗೆ ಕಣ್ಣು ಮಂಜು, ಅದರ ತಂಟೆಗೆ ಹೋಗಬೇಡ ಎಂದು ತೋಟದಲ್ಲಿ ಅಜ್ಜ ಹೇಳಿದ್ದನ್ನು ಕೇಳಿಯೇ ಬೆಳೆದವನು ನಾನು. ಆದರೆ ಕಪ್ಪು ಕಣ್ಣಿನ ಹಾವಿನಲ್ಲಿ ನೀಲಿಬೂದಿಯಾಗಿ ಎದ್ದು ಕಾಣುವ ಆ ಮಂಜು ಕೆಂಪು ಕಣ್ಣಿನ ಮರಿಯಲ್ಲಿ ಬರೀ ನಸುಗುಲಾಬಿಯಾಗಿ ಕಂಡದ್ದರಿಂದ ಅದನ್ನು ರೋಗವೆಂದೇ ಭಾವಿಸಿದೆ. ನೆನೆಸಿ ಉಜ್ಜಿದಾಗ ಒಳಚರ್ಮ ಬಲಿಯುವ ಮೊದಲೇ ಪೊರೆ ಚೂರುಚೂರಾಗಿ ಕಿತ್ತುಬಂತು. ಎಡಗಣ್ಣಿನ ಮೇಲೆ ಉಳಿದ ಹಳೆಯ ಕವಚವನ್ನು ಚಿಮಟದಿಂದ ಎತ್ತಲು ಹೋದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಕಾಯುವುದು ಪಾರದರ್ಶಕವಾದ ಒಂದೇ ಹುರುಪೆ ಎಂಬುದು ಅದು ಹರಿದ ಮೇಲೆ ತಿಳಿಯಿತು. ಕಣ್ಣು ಕೀವುಗಟ್ಟಿ, ಕೊನೆಗೆ ವೈದ್ಯರು ಅದನ್ನು ತೆಗೆಯಬೇಕಾಯಿತು.

ಸ್ನೋ ಮರಿಯಲ್ಲಿ ಕಪ್ಪು ವರ್ಣವೂ ಕೆಂಪು ವರ್ಣವೂ ಇರುವುದಿಲ್ಲವಾದ್ದರಿಂದ ಬಿಳುಪೇ ಅದರ ಹುಟ್ಟುಬಣ್ಣ. ಗುಲಾಬಿ ಛಾಯೆ ಒಳಗಿನ ರಕ್ತದ್ದು, ಊಟದ ನಂತರ ಹೊಟ್ಟೆಯಲ್ಲಿ ಕಾಣುವ ಕಡುಛಾಯೆ ಪಿಂಕಿಯದು, ಕತ್ತಿನ ಹಳದಿ ಬೆಳೆಯುತ್ತಾ ಬರುತ್ತದೆ. ಬಾಯಿಯ ಒಳಭಾಗ ತಿಳಿಗುಲಾಬಿಯಾಗಿದ್ದರೆ ರಕ್ತಹೀನತೆಯೆಂದು ಹೆದರಬೇಕಾಗಿಲ್ಲ. ಆದ್ದರಿಂದ ಇಂಥ ಮರಿಯ ಆರೋಗ್ಯವನ್ನು ನಾನು ಬಣ್ಣದಿಂದ ಅಳೆಯುವುದನ್ನೇ ಬಿಟ್ಟು, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡುತ್ತೇನೆ. ಪೊರೆ ಬಂದ ವಾರ ಮಾತ್ರ ತೂಗುವುದಿಲ್ಲ. ತೂಕ ಇಳಿಯುತ್ತಲೇ ಹೋದರೆ, ಬೆನ್ನೆಲುಬು ಏಣಿನಂತೆ ಎದ್ದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ, ಇಲ್ಲಿ ಪ್ರಶ್ನೆ ಹಾಕಿ ಕಾಯದೆ ಸರೀಸೃಪಗಳ ವೈದ್ಯರ ಬಳಿ ಹೋಗಿ. ಹೊಟ್ಟೆಯ ಹುರುಪೆಗಳಲ್ಲಿ ಒಂದೇ ಜಾಗದಲ್ಲಿ ಕೆಂಪು ಅಥವಾ ಕಂದು ಮಚ್ಚೆ ನಿಂತಿದ್ದರೆ ಅದು ಹೀಟ್ ಮ್ಯಾಟಿನ, ಅಂದರೆ ಟಬ್ಬಿನ ಅಡಿ ಹಾಕುವ ವಿದ್ಯುತ್ ಕಾವುಹಾಸಿನ, ಸುಟ್ಟಗಾಯವಿರಬಹುದು. ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹರ್ಪ್‌ಸ್ಟಾಟ್ ಎಂಬ ಬ್ರ್ಯಾಂಡಿನ ಥರ್ಮೋಸ್ಟಾಟ್ ದುಬಾರಿ, ಆದರೂ ನನ್ನ ಮತ ಅದಕ್ಕೇ. ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರನ್ನಂತೂ ನಂಬಲೇಬೇಡಿ. ಬೆಚ್ಚನೆಯ ಬದಿ 29 ಡಿಗ್ರಿ ಸೆಲ್ಸಿಯಸ್, ತಂಪಿನ ಬದಿ 23ರ ಸುಮಾರು ಇದ್ದರೆ ಸಾಕು.

ನೆನೆಸುವುದರ ಬದಲು ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದಲ್ಲಿ ಮರಿ ನುಸುಳುವಷ್ಟು ತೂತು ಮಾಡಿ, ಅಂಚನ್ನು ಮರಳುಕಾಗದದಿಂದ ಉಜ್ಜಿ ನಯಗೊಳಿಸಿ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಫ್ಯಾಗ್ನಮ್ ಪಾಚಿಯನ್ನು ತುಂಬಿ ಮರಿಯಿರುವ ಟಬ್ಬಿನೊಳಗಿಡಿ. ಹಿಂಡಿದಾಗ ಹನಿ ತೊಟ್ಟಿಕ್ಕಬಾರದು. ತೇವ ಡಬ್ಬಿಯೊಳಗಷ್ಟೇ ಇರಲಿ. ಇಡೀ ಟಬ್ಬಿಗೆ ನೀರು ಚಿಮುಕಿಸಿದರೆ ಕೆಳಗೆ ಹಾಸಿದ ಆಸ್ಪೆನ್ ಮರದ ಹೊಟ್ಟು ಬೂಸ್ಟು ಹಿಡಿದು ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಸೀಡರ್ ಮರದ ಹೊಟ್ಟು ವಿಷ, ಅದನ್ನು ಹಾಕಿದ್ದರೆ ಇಂದೇ ತೆಗೆಯಿರಿ.

ಕಣ್ಣು ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಗುಣವಾಯಿತೆಂದು ಅನೇಕರು ಮರಿಯನ್ನು ಎತ್ತಿ ಆಡಿಸುವುದು ಆಗಲೇ, ಆದರೆ ಪೊರೆ ಕಳಚುವುದು ಅದಾದ ಮೇಲೆ. ಅಲ್ಲಿಯವರೆಗೆ ನೀರು ಬದಲಿಸುವುದನ್ನು ಬಿಟ್ಟು ಬೇರೇನೂ ಬೇಡ, ಪಿಂಕಿಯೂ ಬೇಡ. ಉಣ್ಣದಿರುವುದು ಈ ಹೊತ್ತಿನಲ್ಲಿ ಸಹಜ. ಬಾಯಿ ತೆರೆದು ತುರುಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಕಳಚಿದ ಮೇಲೆ ಸಣ್ಣ ಪಿಂಕಿ ಕೊಟ್ಟು ಎರಡು ದಿನ ಮುಟ್ಟದಿರಿ; ಕಕ್ಕಿದರೆ ಹತ್ತು ದಿನವಾದರೂ ಬಿಟ್ಟು, ಮುಂದಿನದನ್ನು ಇನ್ನೂ ಚಿಕ್ಕದು ಕೊಡಿ.

ಬಿಟ್ಟ ಪೊರೆಯನ್ನು ಮಾತ್ರ ಕಸಕ್ಕೆ ಹಾಕಬೇಡಿ. ತಲೆಯ ಭಾಗವನ್ನು ಒದ್ದೆ ಮಾಡಿ ಬಿಡಿಸಿ ಬೆಳಕಿಗೆ ಹಿಡಿದರೆ ಸಾಸಿವೆ ಗಾತ್ರದ ಎರಡು ಗಾಜಿನ ಬಟ್ಟಲುಗಳಂತೆ ಕಣ್ಣಿನ ಕವಚಗಳು ಕಾಣಬೇಕು. ಒಂದೇ ಕಂಡರೆ ಪಾಚಿಯ ಡಬ್ಬಿಯನ್ನು ಹಾಗೆಯೇ ಇಟ್ಟು ಮುಂದಿನ ಪೊರೆಯವರೆಗೆ ಕಾಯಿರಿ, ಆಗಲೂ ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಚಿಮಟ ಅವರ ಕೈಯಲ್ಲಿರಲಿ.